ಹತ್ತೊಂಬತ್ತನೆಯ ಹಾಳೆ – ಕಂತು ಏಳು: ಕಳಚಿದ ಗ್ಲೌಸ್

"ಅಲ್ಲೇ ನಿಲ್ಲಸ್ರಿ ಅಕ್ಕಾರ. ಅಲ್ಲೇ!"

ನೀಲವ್ವ ಫೋನಿನ ಮೇಲೆ ಬೆರಳಿಡಲು ಹೋಗಿ, ಬೆರಳಿಗೆಲ್ಲ ರೊಟ್ಟಿ ಹಿಟ್ಟು ಮೆತ್ತಿದ್ದು ನೋಡಿ ಹಿಂದಕ್ಕೆಳೆದುಕೊಂಡಳು. ನೇತ್ರಾ ವಿಡಿಯೋ ನಿಲ್ಲಿಸಿದಳು.

ಒಂಬತ್ತು ದಿನದ ಹಿಂದೆ ಬ್ಲೂಮ್ಸ್‌ಬರಿಯ ಖಾಸಗಿ ಗ್ರಂಥಾಲಯವೊಂದರಿಂದ, ಪೋರ್ಚುಗೀಸ್ ಹಡಗಿಗೆ ದಾರಿ ತೋರುವ ದಾರಿಗಾರನೊಬ್ಬ ಐನೂರು ವರ್ಷದ ಹಿಂದೆ ಕೈಯಲ್ಲಿ ಬರೆದ ಪುಸ್ತಕದ ಹತ್ತೊಂಬತ್ತನೆಯ ಹಾಳೆ ಕಾಣೆಯಾಗಿತ್ತು. ಗುಮಾನಿ ಬಿದ್ದದ್ದು ಅಲ್ಲಿ ನೆಲ ಒರೆಸುವ ನೀಲವ್ವನ ಮೇಲೆ, ನಿಜ ಹುಡುಕಲು ವಿಮಾ ಕಂಪನಿ ಕಳಿಸಿದ್ದು ನೇತ್ರಾಳನ್ನು.

ಹೇಸ್‌ನ ಸಾಲುಮನೆಯ ಆ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ನೀಲವ್ವನ ಗಂಡ ಜಗದೇವಪ್ಪ ಹಾಗೇ ನಿಂತಿದ್ದ. ಸೌತ್‌ಹಾಲಿನ ಹೋಟೆಲಿನಲ್ಲಿ ಅಡುಗೆಯವನು. ಇವತ್ತು ರಜೆ ಹಾಕಿದ್ದ. ತಲೆಯ ಮೇಲೆ ಮೂರು ನಿಮಿಷಕ್ಕೊಮ್ಮೆ ಹೀಥ್ರೋ ಕಡೆ ವಿಮಾನ ಇಳಿಯುತ್ತಿತ್ತು. ಅದು ದಾಟುವ ತನಕ ಯಾರೂ ಮಾತಾಡುತ್ತಿರಲಿಲ್ಲ.

ಫೋನಿನಲ್ಲಿ ಗ್ರಂಥಾಲಯದ ಕ್ಯಾಮೆರಾ ಹಿಡಿದ ನಲವತ್ತು ಸೆಕೆಂಡು. ನೀಲವ್ವ ಮಾಪ್ ಹಿಡಿದು ಹಿಂದೆ ಹಿಂದೆ ಸರಿಯುತ್ತ ಬರುತ್ತಾಳೆ. ನಿಲ್ಲುತ್ತಾಳೆ. ಅತ್ತಿತ್ತ ನೋಡುತ್ತಾಳೆ. ಬಲಗೈಯ ರಬ್ಬರ್ ಗ್ಲೌಸ್ ಕಳಚುತ್ತಾಳೆ. ಬಗ್ಗಿ ಒಂದು ಹಾಳೆ ಎತ್ತುತ್ತಾಳೆ. ಅದನ್ನು ಮುಖದ ಹತ್ತಿರ ತಂದು, ಕ್ಯಾಮೆರಾಕ್ಕೆ ಬೆನ್ನು ತಿರುಗಿಸುತ್ತಾಳೆ. ಮತ್ತೆ ಈಚೆ ತಿರುಗಿದಾಗ ಕೈ ಖಾಲಿ.

ಗ್ರಂಥಾಲಯದ ನಿರ್ದೇಶಕ ಪ್ರಿಚರ್ಡ್ ಇದನ್ನು ತೋರಿಸುತ್ತ ನೇತ್ರಾಳಿಗೆ ಹೇಳಿದ್ದ: ಗಮನಿಸಿ, ಕಳ್ಳರು ಗ್ಲೌಸ್ ಹಾಕಿಕೊಳ್ಳುವುದನ್ನು ನೋಡಿದ್ದೇವೆ. ಈಕೆ ತೆಗೆಯುತ್ತಾಳೆ. ಹಳೆಯ ಹಾಳೆಯನ್ನು ಬರಿಗೈಯಲ್ಲೇ ಹಿಡಿಯಬೇಕು ಅನ್ನುವುದು ಈ ಕಸುಬು ಬಲ್ಲವರಿಗೆ ಮಾತ್ರ ಗೊತ್ತು. ಇವಳಿಗೆ ಯಾರೋ ಹೇಳಿಕೊಟ್ಟಿದ್ದಾರೆ.

"ಏನಾತ್ರಿ ಇಲ್ಲೆ?" ನೇತ್ರಾ ಕೇಳಿದಳು. ಧಾರವಾಡದವಳು, ಇಂಥ ಮನೆಗೆ ಬಂದರೆ ನಾಲಿಗೆ ತಾನಾಗಿ ಊರಿಗೆ ಹೋಗುತ್ತಿತ್ತು.

"ಕಾಲ ತಾಗಿತ್ರಿ." ನೀಲವ್ವನ ದನಿ ಇಳಿಯಿತು, ಈಗಷ್ಟೇ ತಾಗಿತೇನೋ ಎನ್ನುವ ಹಾಗೆ. "ಹಾಳಿ ನೆಲದ ಮ್ಯಾಲ ಬಿದ್ದಿತ್ತು. ನಾ ನೋಡ್ಲಿಲ್ಲ. ಹಿಮ್ಮಡ ತಾಗಿತು. ಎದಿ ಝಲ್ ಅಂತ್ರಿ. ಅಕ್ಷರ ಇದ್ದದ್ದು ಸರಸ್ವತಿ ಅಲ್ಲೇನ್ರಿ? ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಎರಡೂ ಕಣ್ಣಿಗಿ."

"ಗ್ಲೌಸ್ ಯಾಕ ತಗದ್ರಿ?"

"ಅಯ್ಯ, ಆಗಷ್ಟ ಪಾಯಖಾನಿ ತೊಳದು ಬಂದಿದ್ದೆ! ಆ ಗ್ಲೌಸ್‌ಲೆ ಸರಸ್ವತೀನ್ನ ಮುಟ್ಟಲ್ರಿ?"

ನೇತ್ರಾಳಿಗೆ ನಗು ಬಂತು. ಮೂರು ಜನ ದೊಡ್ಡ ಓದಿನವರು ಈ ತುಣುಕನ್ನು ನಲವತ್ತು ಸಲ ನೋಡಿದ್ದರು. ಹಿಗ್ಗಿಸಿ, ನಿಧಾನ ಮಾಡಿ, ನೆರಳು ಅಳೆದು. ಒಬ್ಬರಿಗೂ ತಿಳಿಯಲಿಲ್ಲ.

"ಮತ್ತ ಅತ್ತಿತ್ತ ನೋಡಿದ್ದು?"

"ನಾಚಿಕಿರಿ. ಹಾಳಿಗೆ ಕೈ ಮುಗಿಯೂದು ಈ ಮಂದಿ ನೋಡಿದ್ರ ಹುಚ್ಚಿ ಅಂತಾರ."

"ಎತ್ತಿ ಎಲ್ಲೆ ಇಟ್ರಿ?"

"ಮೇಜಿನ ಮ್ಯಾಲ. ಹಾರಬಾರದಂತ ಮ್ಯಾಲ ಭಾರ ಹೇರಿದೆ. ಉಸುಕಿನ ಚೀಲ ಇರ್ತಾವಲ್ರಿ, ಹಾವಿನಂಗ ಉದ್ದಕ. ಅದನ್ನ."

ಅಂದರೆ ಹಾಳೆ ನೀಲವ್ವ ಬರುವ ಮೊದಲೇ ಪುಸ್ತಕದಿಂದ ಹೊರಬಂದಿತ್ತು. ಯಾರೋ ಅದನ್ನು ತೆಗೆದಿದ್ದರು, ಅವಸರದಲ್ಲಿ ಬೀಳಿಸಿದ್ದರು. ಆಮೇಲೆ ಮೇಜಿನ ಮೇಲೆ ಸಿಕ್ಕಾಗ ಎತ್ತಿಕೊಂಡು ಹೋಗಿದ್ದರು. ಪ್ರದರ್ಶನಕ್ಕಾಗಿ ಹೊಲಿಗೆ ಬಿಚ್ಚಿಟ್ಟಿದ್ದ ಪುಸ್ತಕ. ಒಂದು ಹಾಳೆ ಎಳೆದುಕೊಳ್ಳುವುದು ಕಷ್ಟವಲ್ಲ.

ಜಗದೇವಪ್ಪ ಕೆಮ್ಮಿದ. "ತಂಗಿ, ಲೈಬ್ರರಿ ಸಾಹೇಬ್ರು ಫೋನ್ ಮಾಡಿದ್ರು. ಐದಕ್ಕ ಬಂದು ಕಾಗದಕ್ಕ ಸೈ ಮಾಡ್ರಿ, ಮುಗೀತು ಅಂದ್ರು. ಇಕಿ ಮೊನ್ನೆ 'ಮಿಸ್ಟೇಕ್ ಆಗ್ಯಾದ, ಸಾರಿ ಸರ್' ಅಂದಿದ್ಲಲ್ಲ, ಅದನ್ನ ಬರದಾರಂತ."

"ಕಾಲ ತಾಗಿದ್ದಕ್ಕ ಸಾರಿ ಅಂದೆ ನಾ," ಎಂದಳು ನೀಲವ್ವ. "ತಪ್ಪು ತಪ್ಪೇ ಅಲ್ಲೇನ್ರಿ?"

"ಅವರು ಬರಕೊಂಡಿದ್ದು ಬ್ಯಾರೆ." ನೇತ್ರಾ ಇಬ್ಬರನ್ನೂ ನೋಡಿದಳು. "ನೀಲವ್ವಾರ, ಆ ಕಾಗದಕ್ಕ ಸೈ ಬಿದ್ರ ಕಳವು ಒಪ್ಪಿಕೊಂಡಂಗ. ಸೀದಾ ಪೊಲೀಸರ ಕಡೆ ಹೋಗ್ತದ. ಇಲ್ಲೇ ಖಾಯಂ ಉಳಿಯೂ ನಿಮ್ಮ ಪಿಆರ್ ಅರ್ಜಿ ಇನ್ನೂ ಆಗಿಲ್ಲ ಅಲ್ಲ?"

ಜಗದೇವಪ್ಪನ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಐದು ವರ್ಷ ಒಲೆಯ ಮುಂದೆ ನಿಂತು ಕಾದ ಅರ್ಜಿ. ಹೆಂಡತಿಯ ಹೆಸರಿಗೆ ಪೊಲೀಸ್ ಕೇಸು ಅಂಟಿದರೆ ಅದು ಎತ್ತ ಹೋಗುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಐದರೊಳಗ ನಾ ಅಲ್ಲಿರ್ತೀನಿ," ಎಂದಳು ನೇತ್ರಾ. "ನಾ ಬರೂತನ ಪೆನ್ನು ಮುಟ್ಟಬ್ಯಾಡ್ರಿ."

ನೇತ್ರಾ ಹೊರಡುವಾಗ ನೀಲವ್ವ ಒಂದು ಮಾತು ಸೇರಿಸಿದಳು, ತನ್ನ ಪುಣ್ಯಕ್ಕೆ ಸಾಕ್ಷಿಯಾಗಿ. "ಹಂಗ ನೋಡಿದ್ರ ಛಲೋನ ಆತ್ರಿ. ಆವತ್ತ ಕ್ವೀನ್ಸ್‌ಬರಿಯೊಳಗ ನಮ್ಮೂರ ಹುಡಿಗಿ ಮಾಳವಿಕಾಗ ಮದವಿ ಅರಿಷಿಣ ಹಚ್ಚೂದಿತ್ತು. ಎಣ್ಣ್ಯಾಗ ಅರಿಷಿಣ ಕಲಸಿದಾಕಿ ನಾನ. ಹಂಗ ಟ್ಯೂಬ್ ಹತ್ತಿ ಕೆಲಸಕ್ಕ ಹೋದೆ. ಎಷ್ಟ ತೊಳದ್ರೂ ಹೋಗ್ಲಿಲ್ಲ. ಸರಸ್ವತಿಗಿ ಅರಿಷಿಣ ಕೈಯರ ತಾಗಿತಲ್ಲ!"

ನೇತ್ರಾ ಅರ್ಧ ಹಾಕಿದ ಕೋಟನ್ನು ಹಾಗೇ ಬಿಟ್ಟಳು.

"ಹಾಳಿ ಎಲ್ಲೆ ಹಿಡದ್ರಿ? ಕೈ ತೋರಸ್ರಿ."

"ಕೆಳಗಿನ ಮೂಲಿ. ಹೆಬ್ಬೆಟ್ಟಿಲೆ." ಬಲಗೈ ಹೆಬ್ಬೆರಳು ಮುಂದೆ ಬಂತು. ಹಿಟ್ಟಿನ ಕೆಳಗೆ, ಬೆರಳಿನ ತುದಿಯನ್ನು ಓರೆಯಾಗಿ ಸೀಳಿದ ಹಳೆಯ ಕುಡುಗೋಲಿನ ಗಾಯ.

ನೇತ್ರಾ ಅದರ ಫೋಟೋ ತೆಗೆದುಕೊಂಡಳು.

*

ರೈಲಿನಲ್ಲಿ ಕೂತ ಮೇಲೆ ಅವಳು ಯೋಚಿಸಬೇಕಾಗಿದ್ದದ್ದು ಅರಿಶಿನದ ಬಗ್ಗೆ. ಯೋಚಿಸಿದ್ದು ಸಿರಿಶಾಳ ಬಗ್ಗೆ.

ಸಿರಿಶಾ ಆ ಗ್ರಂಥಾಲಯದ ಹಸ್ತಪ್ರತಿ ವಿಭಾಗದ ಮುಖ್ಯಸ್ಥೆ. ಶುಕ್ರವಾರ ತೆರೆಯಲಿರುವ 'ಮೆಣಸಿನ ದಾರಿ' ಪ್ರದರ್ಶನ ಅವಳದೇ. ಹದಿನೆಂಟು ವರ್ಷದ ಹಿಂದೆ ಮೈಸೂರಿನ ಹಾಸ್ಟೆಲಿನಲ್ಲಿ ನೇತ್ರಾಳ ಕೋಣೆಯಲ್ಲೇ ಇದ್ದವಳು. ಈ ಕೊನೆಯ ಸಂಗತಿಯನ್ನು ನೇತ್ರಾ ತನ್ನ ಕಚೇರಿಗೆ ಹೇಳಿರಲಿಲ್ಲ. ಪರಿಚಯದವರಿದ್ದರೆ ತನಿಖೆ ಬೇರೆಯವರಿಗೆ ಹೋಗುತ್ತದೆ, ನಿಯಮ. ಇದು ಮಾತ್ರ ಬೇರೆಯವರಿಗೆ ಹೋಗಬಾರದು ಅಂತ ಅನ್ನಿಸಿತ್ತು. ಯಾಕೆ ಅನ್ನಿಸಿತ್ತು? ಅದನ್ನು ಅವಳು ಕೆದಕಿ ನೋಡಿರಲಿಲ್ಲ.

ಕಾರವಾರದ ಹತ್ತಿರದ ಅಂಜದೀವದಿಂದ ಭಟ್ಕಳದವರೆಗಿನ ಕಡಲು ಮೊದಲು ನೇತ್ರಾಳದಾಗಿತ್ತು, ಅವಳ ಪಿಎಚ್‌ಡಿಯ ವಿಷಯ. ಮೆಣಸಿಗಾಗಿ ಆಫ್ರಿಕಾ ಸುತ್ತಿ ಬಂದ ಪೋರ್ಚುಗೀಸರು, ಎಲ್ಲಿ ಸಿಹಿನೀರು ಸಿಗುತ್ತದೆ, ಎಲ್ಲಿ ನೀರಡಿಯಲ್ಲಿ ಬಂಡೆ ಇದೆ, ಎಲ್ಲಿ ಎಷ್ಟು ಮಾರು ಆಳ ಅಂತ ಬರೆದಿಟ್ಟ ದಾರಿಪುಸ್ತಕಗಳು. ಹಾಸ್ಟೆಲಿನ ಗೋಡೆಗೆ ಅವಳು ಅವುಗಳ ನಕಲು ಅಂಟಿಸಿದ್ದಳು. ಒಂದು ವಿಚಿತ್ರ ಕಣ್ಣಿಗೆ ಬಿದ್ದದ್ದೂ ಅವಳಿಗೇ: ನಮ್ಮ ಕರಾವಳಿ ಬಂದ ಕೂಡಲೇ ಆಳದ ಅಂಕಿಗಳೆಲ್ಲ ಒಂದಿಷ್ಟು ಉಬ್ಬುತ್ತವೆ. ಹತ್ತು ಇರಬೇಕಾದಲ್ಲಿ ಹನ್ನೊಂದು. ಯಾಕೆಂದರೆ, ಅಂದಿದ್ದಳು ನೇತ್ರಾ, ಇವನ್ನು ಅಳೆದದ್ದು ಪೋರ್ಚುಗೀಸರಲ್ಲ. ನಮ್ಮ ಅಂಬಿಗರು. ಎರಡು ತೋಳು ಚಾಚಿದರೆ ಒಂದು ಮಾರು. ನಮ್ಮವರ ತೋಳು ಗಿಡ್ಡ, ಅದಕ್ಕೇ ಲೆಕ್ಕ ಹೆಚ್ಚು.

ಗೈಡು ನಕ್ಕಿದ್ದರು. ಸಾಕ್ಷಿ ತಾರಮ್ಮ ಅಂದಿದ್ದರು.

ಸಾಕ್ಷಿ ಬರಲಿಲ್ಲ. ಮದುವೆ ಬಂತು, ಗಂಡನ ವೀಸಾ ಬಂತು, ಲಂಡನ್ ಬಂತು, ಮಗಳು ಅನ್ವಿತಾ ಬಂದಳು. ಗೋಡೆಯ ನಕಲುಗಳು ಅಲ್ಲೇ ಉಳಿದವು. ಹಾಸ್ಟೆಲಿನ ಆ ಕೋಣೆಯಲ್ಲಿ ಉಳಿದವಳು ಸಿರಿಶಾ. ಅದೇ ಕಡಲು, ಅದೇ ಪುಸ್ತಕಗಳು, ಆದರೆ ತೀರ್ಮಾನ ತಿರುಗುಮುರುಗು: ಪ್ರತಿ ಆಳವನ್ನೂ ಪೋರ್ಚುಗೀಸರೇ ಸೀಸದ ಗುಂಡು ಇಳಿಸಿ ಅಳೆದರು. ಹಾಗೆಂದು ಅವಳು ಬರೆದ ಪುಸ್ತಕಕ್ಕೆ ಬಹುಮಾನ. ಅದು ಅನ್ವಿತಾಳ ಶಾಲೆಯ ಲೈಬ್ರರಿಯಲ್ಲೂ ಇದೆ. ಸಿರಿಶಾ ಅಲ್ಲಿಗೆ ಭಾಷಣಕ್ಕೂ ಬಂದಿದ್ದಳು. ಆವತ್ತು ಮಗಳು ಮನೆಗೆ ಬಂದು, ಬ್ಯಾಗ್ ಎಸೆದು, "ಮಮ್, ಶೀ ವಾಸ್ ಸೋ ಕೂಲ್" ಅಂದಿದ್ದಳು. ನೇತ್ರಾ ಬೇಳೆ ತೊಳೆಯುತ್ತಿದ್ದಳು. ಏಳು ಸಲ ತೊಳೆದಳು.

ಗಂಡಸು ನಡುವೆ ಇಲ್ಲದೆಯೂ ಸವತಿ ಮತ್ಸರ ಹುಟ್ಟುತ್ತದೆ. ಒಂದು ತುಂಡು ಕಡಲು ಸಾಕು.

ಫೋನು ಗುಂಯ್‌ಗುಟ್ಟಿತು. ಅನ್ವಿತಾ: ಪೇರೆಂಟ್ಸ್ ಈವನಿಂಗ್ ಆರೂವರೆಗೆ. ಡೋಂಟ್ ಬಿ ಲೇಟ್ ಅಗೇನ್.

'ಅಗೇನ್' ಅನ್ನುವುದನ್ನು ನೇತ್ರಾ ಎರಡು ಸಲ ಓದಿದಳು.

ಟಾಟನ್‌ಹ್ಯಾಮ್ ಕೋರ್ಟ್ ರೋಡಿನಲ್ಲಿ ಇಳಿದು ಎಸ್ಕಲೇಟರ್ ಏರುವಾಗ ಅವಳು ತನ್ನನ್ನೇ ಕೇಳಿಕೊಂಡಳು: ಸಿರಿಶಾಳ ಕೋಣೆಗೆ ನಾನು ಹೊರಟಿದ್ದು ಸುಳಿವು ಹಿಡಿದೋ, ಹೊಟ್ಟೆಕಿಚ್ಚು ಹಿಡಿದೋ? ಎಸ್ಕಲೇಟರ್ ಮುಗಿಯಿತು. ಅವಳು ಗ್ರಂಥಾಲಯದ ಕಡೆ ನಡೆದಳು.

*

"ಬಾಮ್ಮ ಧಾರವಾಡ! ಬಾ, ಕೂತ್ಕೋ. ಟೀ ಕುಡೀತೀಯಾ? ಇಲ್ಲಿ ಸಿಗೋದು ಟೀ ಅಲ್ಲ ಬಿಡು, ಬಿಸಿನೀರಿಗೆ ಬೇಜಾರಾದ್ರೆ ಆಗೋ ಬಣ್ಣ."

ಹಾಸ್ಟೆಲಿನಲ್ಲಿಯೂ ಸಿರಿಶಾ ಹೀಗೇ ಕರೆಯುತ್ತಿದ್ದಳು. ಆಗ ಅದು ಪ್ರೀತಿ ಅಂತ ಅನ್ನಿಸುತ್ತಿತ್ತು.

ಸಿರಿಶಾ ಕೂದಲಿಗೆ ಬಣ್ಣ ಹಚ್ಚುವುದು ನಿಲ್ಲಿಸಿದ್ದಳು. ಹಣೆಯ ಮೇಲೊಂದು ಬೆಳ್ಳಿಗೆರೆ, ಯಾರೋ ಅಳತೆ ಮಾಡಿ ಇಟ್ಟ ಹಾಗೆ. ಇಳಕಲ್ ಸೀರೆ. ನಮ್ಮ ಸೀಮೆಯ ಸೀರೆ ಉಟ್ಟುಕೊಂಡು ನಮ್ಮನ್ನೇ ಧಾರವಾಡ ಅಂತಾಳೆ ಎಂದುಕೊಂಡಳು ನೇತ್ರಾ. ತನ್ನ ಕೋಟಿನ ಮಧ್ಯದ ಗುಂಡಿ ಹೋಗಿ ತಿಂಗಳಾಗಿತ್ತು. ಅಲ್ಲಿಗೆ ಕೈ ಅಡ್ಡ ಇಟ್ಟುಕೊಂಡೇ ಕೂತಳು.

ಮೇಜಿನ ಮೇಲೆ ಪ್ರದರ್ಶನಕ್ಕೆ ಹೋಗಲಿರುವ ಸೀಸದ ಗುಂಡೊಂದಿತ್ತು. ಬುಡದಲ್ಲಿ ಗುಳಿ. ಆ ಗುಳಿಗೆ ಕೊಬ್ಬು ಮೆತ್ತಿ ಹಗ್ಗ ಕಟ್ಟಿ ಕಡಲಿಗೆ ಇಳಿಸಿದರೆ, ಆಳವೂ ತಿಳಿಯುತ್ತಿತ್ತು, ತಳದ ಮರಳೋ ಕೆಸರೋ ಅಂಟಿಕೊಂಡು ಮೇಲೂ ಬರುತ್ತಿತ್ತು. ಕಣ್ಣಿಗೆ ಕಾಣದ ತಳವನ್ನು ಹೀಗೆ ಓದಿಕೊಂಡೇ ಹಡಗು ಮುಂದೆ ಹೋಗುತ್ತಿತ್ತು.

ನೇತ್ರಾ ತನ್ನ ಗುಂಡು ಇಳಿಸಿದಳು.

"ನೀಲವ್ವ ಸೈ ಮಾಡ್ತಾಳಂತೆ."

"ಪಾಪ," ಎಂದಳು ಸಿರಿಶಾ. "ಪ್ರಿಚರ್ಡ್ ಒಳ್ಳೆಯವನು. ಜಾಸ್ತಿ ಎಳೆಯಲ್ಲ."

"ಹಾಳೆ ಸಿಗದಿದ್ದರೂ?"

"ಸಿಗದೆ ಎಲ್ಲಿ ಹೋಗುತ್ತೆ ಹೇಳು."

ಕೊಬ್ಬಿಗೆ ಮರಳು ಅಂಟಿತು. ಪ್ರದರ್ಶನಕ್ಕೆ ಮೂರೇ ದಿನ ಇದೆ. ಮುಖ್ಯ ಹಾಳೆಯೇ ಇಲ್ಲ. ಆದರೂ ಈ ಹೆಂಗಸಿನ ದನಿಯಲ್ಲಿ ಒಂಚೂರು ಗಾಬರಿ ಇಲ್ಲ.

ನೇತ್ರಾ ಎದ್ದು ಕೋಣೆಯ ಒಳಬಾಗಿಲನ್ನು ನೋಡಿದಳು. ಆಚೆ ನೀಲವ್ವ ನೆಲ ಒರೆಸಿದ ಕೋಣೆ. ಆ ಕೋಣೆಯ ಮುಂಬಾಗಿಲಿಗೆ ಕಾರ್ಡ್ ಬೇಕು, ಕಾರ್ಡ್ ತೋರಿಸಿದವರ ಹೆಸರೆಲ್ಲ ದಾಖಲಾಗುತ್ತದೆ. ಈ ಒಳಬಾಗಿಲಿಗೆ ಹಳೇ ಕಾಲದ ಹಿತ್ತಾಳೆ ಬೀಗ. ಆ ಕೋಣೆಯ ಕ್ಯಾಮೆರಾ ಈ ಬಾಗಿಲಿರುವ ಮೂಲೆಯನ್ನೂ ಅಲ್ಲಿನ ಮೇಜನ್ನೂ ನೋಡುವುದೇ ಇಲ್ಲ. ಬೀಗದ ಕೈ ಸಿರಿಶಾಳ ಸೊಂಟದಲ್ಲಿ.

"ಪರದೆ ಎಳೀಲಾ ಒಂದ್ನಿಮಿಷ?"

"ಯಾಕೆ? ಸಿನಿಮಾ ತೋರಿಸ್ತೀಯಾ?"

ನೇತ್ರಾ ಪರದೆ ಎಳೆದು ಬ್ಯಾಗಿನಿಂದ ಯುವಿ ಟಾರ್ಚ್ ತೆಗೆದಳು. ಸುಟ್ಟ ಕಾಗದ, ತಿದ್ದಿದ ರಸೀದಿ ನೋಡಲು ಕಚೇರಿ ಕೊಟ್ಟದ್ದು. ಕಪಾಟಿನ ಮೇಲೆ ಹರಿಸಿದಳು. ಏನಿಲ್ಲ. ಮೇಜು. ಏನಿಲ್ಲ. ಕಿಟಕಿಯ ಕೆಳಗೆ, ಬ್ಲಾಟಿಂಗ್ ಹಾಳೆಗಳ ನಡುವೆ ಹಸ್ತಪ್ರತಿ ಮಲಗಿಸಿಡುವ ಅಗಲವಾದ ರಟ್ಟಿನ ಫೋಲ್ಡರು. ಅದನ್ನು ತೆರೆದಳು.

"ಅದು ಖಾಲಿ," ಎಂದಳು ಸಿರಿಶಾ, ಸ್ವಲ್ಪ ಬೇಗನೇ.

ಖಾಲಿಯೇ. ಆದರೆ ಬಿಳಿ ಬ್ಲಾಟಿಂಗಿನ ಕೆಳಮೂಲೆಯಲ್ಲಿ, ಕತ್ತಲೆಯಲ್ಲಿ ಬೆಕ್ಕು ಕಣ್ಣು ಬಿಟ್ಟ ಹಾಗೆ, ಹಳದಿ ಹಸಿರಿನ ಒಂದು ಮಚ್ಚೆ ಹೊಳೆಯಿತು.

"ಅರಿಶಿನ," ಎಂದಳು ನೇತ್ರಾ. "ಈ ಬೆಳಕಿಗೆ ಹೀಗೇ ಉರಿಯುತ್ತೆ."

ಸಿರಿಶಾ ನಕ್ಕಳು. "ಅಯ್ಯೋ, ನಾನೂ ಸಾರು ಮಾಡ್ತೀನಿ ಕಣೆ! ಅರಿಶಿನ ನಿಮ್ಮೂರಿನವರಿಗೆ ಮಾತ್ರ ಬರೆದುಕೊಟ್ಟಿದ್ದಾರಾ?"

"ನಿನ್ನ ಹೆಬ್ಬೆರಳು ತೋರಿಸು."

"ಏನು?"

"ಇದು ಹೆಬ್ಬೆರಳಿನ ಗುರುತು. ಹಾಳೆಯ ಮೇಲೆ ಎಣ್ಣೆ ಅರಿಶಿನದಲ್ಲಿ ಬಿದ್ದದ್ದು, ಇಲ್ಲಿ ತಿರುಗುಮುರುಗಾಗಿ ಒತ್ತಿದೆ. ಮಧ್ಯೆ ಓರೆಯಾಗಿ ಗೆರೆ ಇದೆ ನೋಡು. ಕುಡುಗೋಲಿನ ಗಾಯ. ನಿನಗೆ ಕುಡುಗೋಲು ಹಿಡಿದು ಗೊತ್ತಾ ಸಿರಿ?" ನೇತ್ರಾ ಫೋನಿನ ಫೋಟೋವನ್ನು ಪಕ್ಕಕ್ಕೆ ಹಿಡಿದಳು. "ನೀಲವ್ವ ಮುಟ್ಟಿದ ಮೇಲೆ ಆ ಹಾಳೆ ಈ ಫೋಲ್ಡರಿನಲ್ಲಿ ಮಲಗಿತ್ತು. ಅವಳ ಹತ್ತಿರ ಈ ಕೋಣೆಯ ಬೀಗದ ಕೈ ಇಲ್ಲ."

ಸಿರಿಶಾ ಪರದೆ ಸರಿಸಿದಳು. ಬೆಳಕು ಬಂದಾಗ ಅವಳ ಮುಖದಲ್ಲಿ ನಗುವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಆಯಾಸ ಇತ್ತು.

"ಹದಿನೆಂಟು ವರ್ಷ ಕಾದೆ ಅಲ್ವಾ, ಈ ಟಾರ್ಚ್ ಹಾಕೋಕೆ?"

"ಮಾತು ತಿರುಗಿಸಬೇಡ."

"ತಿರುಗಿಸ್ತಿಲ್ಲ. ನಿನ್ನ ಆಫೀಸಿಗೆ ಗೊತ್ತಾ, ನಾನೂ ನೀನೂ ಒಂದೇ ತಟ್ಟೇಲಿ ಉಂಡೋರು ಅಂತ? ಗೊತ್ತಿಲ್ಲ. ಗೊತ್ತಿದ್ದಿದ್ರೆ ನಿನ್ನ ಕಳಿಸ್ತಿರ್ಲಿಲ್ಲ. ಈಗ ಕೆಳಗೆ ಹೋಗಿ ಪ್ರಿಚರ್ಡ್‌ಗೆ ಹೇಳು. ನಾನೂ ಹೇಳ್ತೀನಿ. ನನ್ನ ಮೇಲೆ ಹೊಟ್ಟೆಕಿಚ್ಚು ಇಟ್ಕೊಂಡಿರೋ ಹಳೇ ಗೆಳತಿ, ನಂಟು ಮುಚ್ಚಿಟ್ಟು ಬಂದು, ನನ್ನ ಫೋಲ್ಡರಿಗೆ ತಾನೇ ಅರಿಶಿನ ಒತ್ತಿದಳು ಅಂತ. ನಿನ್ನ ಕೆಲಸ ಹೋಗುತ್ತೆ. ನಿನ್ನ ಸಾಕ್ಷಿನೂ ಹೋಗುತ್ತೆ. ಆ ಹೆಂಗಸಿಗೆ ಏನುಳಿಯುತ್ತೆ?"

ನೇತ್ರಾ ಟಾರ್ಚ್ ಆರಿಸಿದಳು. ಅರಿಶಿನ ಒತ್ತಿದ್ದು ತಾನೇ ಅನ್ನುವ ಸುಳ್ಳೊಂದನ್ನು ಬಿಟ್ಟರೆ ಪ್ರತಿ ಮಾತೂ ನಿಜವಾಗಿತ್ತು, 'ಹೊಟ್ಟೆಕಿಚ್ಚು' ಅನ್ನುವುದೂ ಸೇರಿ.

ಸಿರಿಶಾ ಕೈಚೀಲದಿಂದ ಒಂದು ಗಟ್ಟಿ ಲಕೋಟೆ ತೆಗೆದಳು. ಮೇಜಿನ ಮೇಲೆ ಇಟ್ಟು, ಎರಡು ಬೆರಳಲ್ಲಿ ನೇತ್ರಾಳ ಕಡೆ ಸರಿಸಿದಳು.

"ಓದು. ನಿನಗೆ ಪೋರ್ಚುಗೀಸ್ ಇನ್ನೂ ಮರೆತಿಲ್ಲ ತಾನೇ?"

ಹಾಳೆ ಅಂಗೈಗಿಂತ ಸ್ವಲ್ಪ ದೊಡ್ಡದು. ಕಂದು ಮಸಿಯಲ್ಲಿ ಎಳೆದ ಕರಾವಳಿ. ನದಿಬಾಯಿಗಳು, ಅಂಜದೀವದ ಪುಟ್ಟ ದ್ವೀಪ, ಇರುವೆಸಾಲಿನ ಹಾಗೆ ಅಂಕಿಗಳು. ಇಷ್ಟು ಕಾಲ ಹೊಲಿಗೆಯಡಿ ಮುಚ್ಚಿಹೋಗಿದ್ದ ಅಂಚಿನಲ್ಲಿ ಬೇರೆ ಗಳಿಗೆಯಲ್ಲಿ, ಅವಸರದಲ್ಲಿ ಬರೆದ ನಾಲ್ಕು ಸಾಲು. ಓದುತ್ತ ಹೋದ ಹಾಗೆ ನೇತ್ರಾಳ ತುಟಿ ತಾನಾಗಿ ಅಲುಗಿತು.

*ಈ ಆಳಗಳನ್ನು ನಾನು ಅಳೆದದ್ದಲ್ಲ. ಹೊನ್ನಾವರದ ಅಂಬಿಗನೊಬ್ಬ ಹೇಳಿದ್ದು, ನಾನು ಬರೆದುಕೊಂಡದ್ದು. ಅವನ ತೋಳು ನನ್ನದಕ್ಕಿಂತ ಗಿಡ್ಡ. ಇದನ್ನು ನಂಬಿ ಬರುವ ದಾರಿಗಾರ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.*

ಕೋಣೆಯಲ್ಲಿ ಗಡಿಯಾರ ಇತ್ತೆಂದು ನೇತ್ರಾಳಿಗೆ ಆಗ ಕೇಳಿಸಿತು.

"ನೀನು ಹೇಳಿದ್ದೇ ಸರಿ ಇತ್ತು," ಎಂದಳು ಸಿರಿಶಾ. "ಆವಾಗಲೂ ಗೊತ್ತಿತ್ತು ನಂಗೆ. ಗೋಡೆ ಮೇಲೆ ನೀನು ಅಂಟಿಸಿದ್ದ ಅಂಕಿ ನೋಡ್ತಾ ನೋಡ್ತಾ ಮಲಗ್ತಿದ್ನಲ್ಲ. ನೀನು ಆರಾಮಾಗಿ ಬಿಟ್ಟು ಮದುವೆ ಆಗಿ ಹೋದೆ. ನಾನು ನಿನ್ನ ಸರಿಯಾದ ಉತ್ತರದ ವಿರುದ್ಧ ನಾನೂರು ಪುಟ ಬರೆದೆ. ಬರೀತಾ ಇರೋವಾಗ ಪ್ರತಿ ಪುಟಕ್ಕೂ ನಿನ್ನ ಮೇಲೆ ಉರಿ. ಬರೆಯದೇನೇ ಇವಳದೇ ಸರಿ ಆಯ್ತಲ್ಲ, 'ಇಲ್ಲಿ ತಪ್ಪಿದೆ' ಅನ್ನೋ ಭಯ ಇಲ್ಲದೇನೇ ನಿದ್ದೆ ಮಾಡ್ತಾಳಲ್ಲ ಅಂತ."

"ನಾನಾ? ಆರಾಮಾಗಿ?"

"ಮತ್ತೆ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲಿಸ್ಬನ್ನಿನಲ್ಲಿ ಆ ಕಾಲಕ್ಕೆ ನಕಾಶೆಗಳಿಗೆ ಬೀಗ ಹಾಕುತ್ತಿದ್ದರಂತೆ. ಪಕ್ಕದ ದೇಶದವನು ನಮ್ಮ ದಾರಿ ಕಂಡುಬಿಟ್ಟರೆ ಅನ್ನುವ ಉರಿ. ಪಕ್ಕದ ದೇಶದವನೂ ತನ್ನ ಪೆಟ್ಟಿಗೆಗೆ ಅದೇ ಬೀಗ ಹಾಕಿಕೊಂಡಿರುತ್ತಿದ್ದ.

"ಸುಡಬೇಕು ಅಂತ ಎರಡು ಸಲ ಕಡ್ಡಿ ಗೀರಿದೆ," ಸಿರಿಶಾ ಮೆಲ್ಲಗೆ ಹೇಳಿದಳು. "ಕೈ ಬರ್ಲಿಲ್ಲ. ತಗೋ. ಇದು ನಿಂದೇ. ಎರಡು ವಾರ ಇಟ್ಕೋ. ಫೋಟೋ ತೆಗಿ, ಬರಿ, ನಿನ್ನ ಹೆಸರಲ್ಲಿ ಬರ್ಲಿ. ನನ್ನ ಪುಸ್ತಕ ಬಿದ್ದೋಗ್ಲಿ, ಪರವಾಗಿಲ್ಲ. ಆಮೇಲೆ ಹಾಳೆ ಎಲ್ಲೋ ಸಿಕ್ತು ಅಂತ ಪೋಸ್ಟಲ್ಲಿ ಕಳಿಸು. ಕಳ್ಳಿ ಅನ್ನೋ ಹೆಸರೊಂದು ಮಾತ್ರ ನಂಗೆ ಬೇಡ."

"ಅದು ನೀಲವ್ವನಿಗೆ ಇರಲಿ ಅಂತೀಯಾ?"

"ಅವಳಿಗೆ ಒಳ್ಳೇ ವಕೀಲರನ್ನ ನೋಡೋಣ. ನಾನೇ ನೋಡ್ತೀನಿ."

ಬಯ್ಯಬೇಕಿತ್ತು. ಅಲ್ಲೇ ಪ್ರಿಚರ್ಡ್‌ಗೆ ಫೋನು ಮಾಡಬೇಕಿತ್ತು. ನೇತ್ರಾ ಹಾಳೆಯನ್ನು ಲಕೋಟೆಗೆ ಹಾಕಿದಳು. ಲಕೋಟೆಯನ್ನು ಬ್ಯಾಗಿಗೆ ಹಾಕಿದಳು.

"ಇದು ಸಾಕ್ಷಿ. ಸೀದಾ ಅವನ ಕೈಗೆ ಕೊಡ್ತೀನಿ."

"ಕೊಡು," ಎಂದಳು ಸಿರಿಶಾ. "ಕೊಡೋಕಾದ್ರೆ."

*

ನಾಲ್ಕು ಮೂವತ್ತೆಂಟು.

ಮೆಟ್ಟಿಲಿಳಿದರೆ ಬಲಕ್ಕೆ ನಿರ್ದೇಶಕರ ಕೋಣೆ, ಎಡಕ್ಕೆ ಬೀದಿಬಾಗಿಲು. ನೇತ್ರಾ ಕೊನೆಯ ಮೆಟ್ಟಿಲಲ್ಲಿ ನಿಂತಳು.

ಹತ್ತೇ ನಿಮಿಷ, ಅಂದಿತು ಒಳಗಿನದು. ಎದುರಿಗೇ ಕೆಫೆ ಇದೆ. ಒಬ್ಬಳೇ ಕೂತು ಇನ್ನೊಮ್ಮೆ ಓದು. ಒಂದು ಫೋಟೋ, ಅಷ್ಟೇ. ಐದರೊಳಗೆ ವಾಪಸು ಬಂದು ಒಪ್ಪಿಸಿದರಾಯಿತು. ನೀಲವ್ವ ಬರುವುದು ಐದಕ್ಕೆ. ಯಾರಿಗೇನು ನಷ್ಟ? ಹದಿನೆಂಟು ವರ್ಷಕ್ಕೆ ಹತ್ತು ನಿಮಿಷ ಹೆಚ್ಚಾಯಿತೇ?

ಮತ್ತೆ ಆ ಮಾತು ನೆನಪಾಯಿತು, ಬೇಳೆ ತೊಳೆಯುವಾಗ ಕೇಳಿದ ಮಾತು. ಸೋ ಕೂಲ್.

ಕಾಲುಗಳು ಎಡಕ್ಕೆ ತಿರುಗಿದವು.

ಹಾಲ್ ದಾಟುವಷ್ಟರಲ್ಲಿ ಹಿಂದಿನಿಂದ ಪ್ರಿಚರ್ಡ್‌ನ ದನಿ ಬಂತು, ಬೆಣ್ಣೆ ಸವರಿದ ಹಾಗೆ. "ಮಿಸೆಸ್ ನೇತ್ರಾ, ಒಂದು ನಿಮಿಷ. ಈಗಷ್ಟೇ ನಮ್ಮ ವಿಭಾಗದವರೊಬ್ಬರು ಫೋನು ಮಾಡಿ ಎಚ್ಚರಿಸಿದರು. ಇವತ್ತಿನಿಂದ ಹೊರಗೆ ಹೋಗುವ ಪ್ರತಿ ಬ್ಯಾಗನ್ನೂ ನೋಡುತ್ತಿದ್ದೇವೆ. ತನಿಖೆಗೆ ಬಂದವರದ್ದನ್ನೂ. ತಪ್ಪು ತಿಳಿಯಬೇಡಿ."

ನೇತ್ರಾ ತಲೆಯೆತ್ತಿದಳು. ಮೇಲಿನ ಮಹಡಿಯ ಕಟಾಂಜನಕ್ಕೆ ಒರಗಿ ಸಿರಿಶಾ ನಿಂತಿದ್ದಳು. ಕೈಯಲ್ಲಿ ಫೋನು. ಇಳಕಲ್ ಸೆರಗು ಗಾಳಿಯಿಲ್ಲದ ಹಾಯಿಯ ಹಾಗೆ ಅಲುಗದೆ ಇಳಿಬಿದ್ದಿತ್ತು.

ಕಾವಲುಗಾರ ಮೇಜಿನ ಹಿಂದೆ ಬಗ್ಗಿ ಟ್ರೇ ಹುಡುಕುತ್ತಿದ್ದ. ಬೀದಿಬಾಗಿಲು ತೆರೆಯಿತು. ತಣ್ಣನೆ ಗಾಳಿ, ಅದರ ಹಿಂದೆ ಜಗದೇವಪ್ಪ, ಅವನ ಹಿಂದೆ ನೀಲವ್ವ. ಇಪ್ಪತ್ತು ನಿಮಿಷ ಮೊದಲೇ. ಹೆದರಿದವರು ಯಾವತ್ತೂ ಮೊದಲೇ ಬರುತ್ತಾರೆ.

"ಬಂದ್ರೇನ್ರಿ ಅಕ್ಕಾರ!" ನೀಲವ್ವನ ಮುಖ ಅರಳಿತು. "ನೀವ ಇದ್ದೀರಲ್ಲ, ಇನ್ನ ನಂಗ ಚಿಂತಿಲ್ಲ. ಅಯ್ಯ, ಎಷ್ಟ ಹೊತ್ತೀರಿ ಹೆಗಲ ಮ್ಯಾಲ? ಕೊಡ್ರಿ ಇಲ್ಲಿ."

ಉಪಕಾರ ಮಾಡಿದವರ ಕೈಯಲ್ಲಿ ಭಾರ ನೋಡಿಕೊಂಡು ಸುಮ್ಮನೆ ನಿಲ್ಲುವುದು ಅವಳ ಸೀಮೆಯಲ್ಲಿಲ್ಲ. ನೇತ್ರಾ ಬೇಡ ಅನ್ನುವ ಮೊದಲೇ ಬ್ಯಾಗು ಹೆಗಲಿನಿಂದ ಜಾರಿ ನೀಲವ್ವನ ಎದೆಗೆ ಸೇರಿತ್ತು, ಎರಡೂ ಕೈಯಿಂದ ತಬ್ಬಿಕೊಂಡು, ಕೂಸಿನ ಹಾಗೆ.

ಕಾವಲುಗಾರ ಟ್ರೇ ಹಿಡಿದು ಮೇಲೆದ್ದ. ಅವನಿಗೆ ಕಂಡದ್ದು ಇಷ್ಟು: ಗುಮಾನಿಯ ಹೆಂಗಸು, ಅವಳ ತೋಳಲ್ಲಿ ಒಂದು ಬ್ಯಾಗು.

"ಈಸ್ ದಿಸ್ ಯುವರ್ ಬ್ಯಾಗ್, ಮ್ಯಾಡಮ್?"

ನೀಲವ್ವ ಅವನನ್ನು ನೋಡಿದಳು. ಪ್ರಿಚರ್ಡ್‌ನನ್ನು ನೋಡಿದಳು. ಕೊನೆಗೆ ನೇತ್ರಾಳ ಮುಖ ನೋಡಿದಳು. ಅಲ್ಲಿ ರಕ್ತ ಇಳಿದುಹೋಗಿತ್ತು. ಅವಳಿಗೆ ಏನು ಅರ್ಥವಾಯಿತೋ, ಎಷ್ಟು ಅರ್ಥವಾಯಿತೋ. ಬ್ಯಾಗಿನ ಮೇಲಿನ ಹಿಡಿತ ಮಾತ್ರ ಬಿಗಿಯಾಯಿತು.

"ಯೆಸ್ ಸರ್," ಎಂದಳು ನೀಲವ್ವ ಸ್ಪಷ್ಟವಾಗಿ. "ಮೈ ಬ್ಯಾಗ್."

ಜಗದೇವಪ್ಪ ಹೆಂಡತಿಯ ಕಡೆ ಗಕ್ಕನೆ ತಿರುಗಿದ. ಕಾವಲುಗಾರ ಬ್ಯಾಗನ್ನು ಟ್ರೇಯಲ್ಲಿಟ್ಟು ಝಿಪ್ಪಿಗೆ ಕೈ ಹಾಕಿದ. ಎಲ್ಲರೂ ಬ್ಯಾಗನ್ನು ನೋಡುತ್ತಿದ್ದರು. ನೇತ್ರಾಳನ್ನು ನೋಡುತ್ತಿದ್ದವಳು ಮಹಡಿಯ ಮೇಲಿನವಳು ಒಬ್ಬಳೇ.

ನನ್ನದು ಅಂತ ಒಂದು ಮಾತು. ಒಂದೇ ಒಂದು ಮಾತು.

ಝಿಪ್ಪು ಅರ್ಧ ದಾಟಿತು. ನೇತ್ರಾಳ ಬಾಯಿ ತೆರೆದಿತ್ತು, ದನಿ ಹೊರಡಲಿಲ್ಲ.